ಮೀಟರಿಗೆ ಕಾಣದಷ್ಟು

ನನ್ನ ತಮ್ಮನ ಸೊಸೆ ಮಾತಾಡುವುದು ಕಡಿಮೆ, ನಡೆದರೆ ಸಪ್ಪಳ ಕಡಿಮೆ, ತಟ್ಟೆಗೆ ಬಡಿಸಿಕೊಳ್ಳುವುದೂ ಕಡಿಮೆ. "ಇದ್ದಾಳೋ ಇಲ್ವೋ ಗೊತ್ತೇ ಆಗಲ್ಲ, ಇಂಥ ಸೊಸೆ ಎಲ್ಲಿ ಸಿಕ್ಕಾಳು" ಎಂದು ನೆರೆಯವರು ಹೊಗಳುತ್ತಿದ್ದರು. ಹೊಗಳಿದಾಗೆಲ್ಲ ಅವಳು ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ನಾಚಿಕೆ ಎಂದು ಅವರು ತಿಳಿದರು. ಮೊದಮೊದಲು ನಾನೂ ಹಾಗೇ ತಿಳಿದಿದ್ದೆ.

ಮದುವೆಗೆ ಮುಂಚೆ ಅವಳು ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ಕೆಟ್ಟದ್ದನ್ನು ರಿಪೇರಿ ಮಾಡುವವಳೇ ಎಂದು ಕೇಳಿದ್ದಕ್ಕೆ, "ಅಲ್ಲ ಅತ್ತೆ, ಕೆಡದ ಹಾಗೆ ಕಾಯೋವಳು" ಎಂದು ತಿದ್ದಿದಳು. ಈ ಮನೆಗೆ ಬಂದ ಮೇಲೆ ಅವಳು ಕಾದದ್ದು ಹಾಲು, ಕುಕ್ಕರು, ಮತ್ತು ಗಂಡನ ಫೋನು.

ಮನೆಯಲ್ಲಿ ಇರುವುದು ನಾಲ್ಕು ಜನ. ತಮ್ಮ, ಅವನ ಮಗ, ಸೊಸೆ, ನಾನು. ತಮ್ಮನ ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ನನ್ನ ಯಜಮಾನರು ಹೋದ ಮೇಲೆ ನಾನು ಇಲ್ಲಿಗೆ ಬಂದೆ. ಮಗ ದೂರದ ದಾರಿಯ ಲಾರಿ ಓಡಿಸುತ್ತಾನೆ. ಮನೆಯಲ್ಲಿರುವುದಕ್ಕಿಂತ ಸ್ಟಿಯರಿಂಗ್ ಹಿಂದೆ ಇರುವುದೇ ಹೆಚ್ಚು. ಒಳ್ಳೆಯ ಹುಡುಗ, ಆದರೆ ಅಪ್ಪನ ಮುಂದೆ ನಿಂತರೆ ಅವನ ಬಾಯಿಗೆ ಬೀಗ.

ಸೊಸೆಯ ಕೋಣೆ ಅಡುಗೆಮನೆಯ ಹಿಂದೆ. ಕಿಟಕಿ ಇದೆ, ತೆಗೆದರೆ ಪಕ್ಕದ ಮನೆಯ ಗೋಡೆ. ಕೈ ಚಾಚಿದರೆ ಅದರ ಸುಣ್ಣ ಬೆರಳಿಗೆ ಹತ್ತುತ್ತದೆ. ಹೊರಗೆ ಹೋಗಬಾರದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆದರೆ ಹೊಸ್ತಿಲು ದಾಟುವಾಗ "ಎಲ್ಲಿಗೆ?" ಎಂದು ತಮ್ಮ ಕೇಳುತ್ತಿದ್ದ, "ಏನು ತರೋಕೆ?" ಎಂದೂ ಕೇಳುತ್ತಿದ್ದ. ಹೋದವಳು ಕೈಯಲ್ಲಿ ಏನಾದರೂ ಹಿಡಿದು ಬರಬೇಕು. ಒಂದು ಸೋಪಾದರೂ ಸರಿ, ಎರಡು ಈರುಳ್ಳಿಯಾದರೂ ಸರಿ. ಹಾಗೆ ಎಷ್ಟೋ ದಿನ ಅವಳು ಬೇಡದ ಈರುಳ್ಳಿ ತಂದಿದ್ದಾಳೆ, ಬೀದಿಯ ತುದಿಯವರೆಗೆ ನಡೆದು ಬರುವ ಆಸೆಗೆ. ಕೆಲಸಕ್ಕೆ ಹೋಗುವ ಮಾತು ಒಮ್ಮೆ ಎತ್ತಿದಾಗ ತಮ್ಮ, "ಮನೆ ಯಾರು ನೋಡ್ಕೋತಾರೆ?" ಎಂದ. ಅದು ಪ್ರಶ್ನೆಯಲ್ಲ, ಬಾಗಿಲು ಹಾಕುವ ಸದ್ದು.

ತಮ್ಮ ಕೆಟ್ಟವನಲ್ಲ. ವಿದ್ಯುತ್ ಕಚೇರಿಯಲ್ಲಿ ಮೀಟರ್ ತಪಾಸಣೆ ಮಾಡುತ್ತಿದ್ದ, ಆಯುಸ್ಸೆಲ್ಲ ಕರೆಂಟು ಕಳ್ಳರನ್ನು ಹಿಡಿದ. ಕಳ್ಳರನ್ನು ಹಿಡಿದು ಹಿಡಿದು ಅವನಿಗೆ ಮನುಷ್ಯರೆಂದರೆ ಎರಡೇ ಜಾತಿ, ಸಿಕ್ಕಿಬಿದ್ದವರು ಮತ್ತು ಇನ್ನೂ ಸಿಕ್ಕಿಬೀಳದವರು. ನಿವೃತ್ತನಾದ ಮೇಲೆ ಹಿಡಿಯಲು ಯಾರೂ ಉಳಿಯಲಿಲ್ಲ. ಉಳಿದದ್ದು ನಮ್ಮ ಮನೆಯ ಮೀಟರು.

ಆ ಮೀಟರು ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ಸಾಸಿವೆಯಷ್ಟು ಒಂದು ಕೆಂಪು ದೀಪ. ಮನೆಯಲ್ಲಿ ಕರೆಂಟು ಖರ್ಚಾದ ಹಾಗೆ ಅದು ಮಿನುಗುತ್ತದೆ. ಹೆಚ್ಚು ಖರ್ಚಾದರೆ ಬೇಗ ಬೇಗ, ಕಡಿಮೆಯಾದರೆ ನಿಧಾನ. ತಮ್ಮ ಕುರ್ಚಿಯಲ್ಲಿ ಕೂತು ಅದರ ಮಿನುಗು ನೋಡಿಯೇ, "ಇಸ್ತ್ರಿ ಪೆಟ್ಟಿಗೆ ಯಾರು ಹಾಕಿದ್ದು?" ಎಂದು ಕೂಗುತ್ತಿದ್ದ. ಅವನ ಮಗ ಚಿಕ್ಕಂದಿನಲ್ಲಿ, "ಅಪ್ಪ ಗೋಡೆ ಹತ್ತಿರ ಚಾಡಿ ಕೇಳ್ತಾರೆ" ಎಂದು ನನ್ನ ಕಿವಿಯಲ್ಲಿ ಹೇಳಿದ್ದುಂಟು.

ದಿನಾ ಮಧ್ಯಾಹ್ನದ ಊಟವಾದ ಮೇಲೆ ತಮ್ಮ "ಸೊನ್ನೆ!" ಎನ್ನುತ್ತಿದ್ದ. ಕಚೇರಿಯ ಮಾತಂತೆ ಅದು. ಆಗ ಮನೆಯಲ್ಲಿರುವುದನ್ನೆಲ್ಲ ಆರಿಸಬೇಕು. ಫ್ಯಾನು, ಫ್ರಿಜ್ಜು, ಫೋನಿನ ಚಾರ್ಜರು, ಎಲ್ಲ. ಅವನು ಬಿಸಿನೀರಿನ ಲೋಟ ಹಿಡಿದು ಮಣೆ ಹತ್ತಿ ಮೀಟರಿನ ಮುಂದೆ ನಿಲ್ಲುವನು. ಗುಟುಕು ಗುಟುಕಾಗಿ ನೀರು ಕುಡಿದು ಮುಗಿಸುವವರೆಗೆ ಕೆಂಪು ದೀಪ ಒಮ್ಮೆಯೂ ಮಿನುಗಬಾರದು. ಎಲ್ಲ ಆರಿಸಿದ ಮೇಲೂ ಮಿನುಗಿದರೆ ಎಲ್ಲೋ ಕಳ್ಳನಿದ್ದಾನೆ ಎಂದು ಅರ್ಥ. ನೀರು ಮುಗಿದ ಮೇಲೆ "ಸರಿ" ಎನ್ನುವನು, ನಾವು ಫ್ಯಾನು ಹಾಕಿಕೊಳ್ಳುವೆವು. ಆ ಹೊತ್ತೆಲ್ಲ ನಾನು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂರುತ್ತಿದ್ದೆ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು, ಅವಳೂ ಆರಿಸಿಟ್ಟ ಒಂದು ಸಾಮಾನಿನ ಹಾಗೆ.

ಇಂಥದ್ದರಲ್ಲಿ ಒಂದು ಔಷಧಿ ಗೋದಾಮಿನ ಯಜಮಾನಿ ಅವಳಿಗೆ ಫೋನು ಮಾಡಿದಳು. ಆಸ್ಪತ್ರೆಯ ಕಾಲದ ಪರಿಚಯ. ದಪ್ಪ ಕನ್ನಡಕ ಹಾಕುವ ಹೆಂಗಸು, ಆಸ್ಪತ್ರೆಯಲ್ಲಿ ಎಲ್ಲರೂ ಕನ್ನಡಕದಮ್ಮ ಎನ್ನುತ್ತಿದ್ದರಂತೆ. ಅವಳ ಗೋದಾಮಿನಲ್ಲಿ ತಣ್ಣಗಿಡಬೇಕಾದ ಔಷಧಿಗಳ ದೊಡ್ಡ ಪೆಟ್ಟಿಗೆಗಳಿವೆ. ಒಂದು ರಜೆಯಲ್ಲಿ ಅಲ್ಲಿಯ ಕರೆಂಟು ಹೋಗಿ, ಯಾರಿಗೂ ತಿಳಿಯದೆ ಪೆಟ್ಟಿಗೆಗಳು ಬಿಸಿಯಾಗಿ ಎಲ್ಲ ಹಾಳಾಗಿತ್ತು. ಈಗ ಪೆಟ್ಟಿಗೆಗಳೊಳಗೆ ಥರ್ಮಾಮೀಟರುಗಳನ್ನು ಇಟ್ಟಿದ್ದಳು. ಐದೈದು ನಿಮಿಷಕ್ಕೆ ಅವು ನೆಟ್ಟಿನ ಮೇಲೆ ತಮ್ಮ ಬಿಸಿ ಎಷ್ಟೆಂದು ಹೇಳುತ್ತವೆ. ಆ ಮಾತನ್ನು ಹಗಲೂ ಇರುಳೂ ಕೇಳಿಸಿಕೊಳ್ಳಲು ಒಂದು ಕಂಪ್ಯೂಟರು ಬೇಕು. ಒಂದು ಮಾತು ಬರದಿದ್ದರೂ ಅದು ಕನ್ನಡಕದಮ್ಮನಿಗೆ ಕೂಗಿ ಹೇಳಬೇಕು.

"ಆ ಕಂಪ್ಯೂಟರ್ ಗೋದಾಮಲ್ಲೇ ಇಟ್ಟರೆ ಆಗಲ್ವಾ?" ಎಂದು ಕೇಳಿದೆ.

"ಅಲ್ಲಿ ಕರೆಂಟ್ ಹೋದ್ರೆ ಇದೂ ಹೋಗತ್ತಲ್ಲ ಅತ್ತೆ. ಮನೆಗೆ ಬೆಂಕಿ ಬಿದ್ದಾಗ ಕೂಗೋರು ಮನೆ ಹೊರಗಿರಬೇಕು."

ಕರಾರು ಇಷ್ಟು. ಒಂದು ತಿಂಗಳು ಪರೀಕ್ಷೆ. ನಡುವೆ ಒಂದು ಸಲವೂ ಕಿವಿ ಮುಚ್ಚಬಾರದು. ಗೆದ್ದರೆ ಗೋದಾಮಿನಲ್ಲಿ ಅವಳಿಗೆ ಒಂದು ಮೇಜು, ಒಂದು ಕುರ್ಚಿ. ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ. "ಕೈಯಲ್ಲಿ ಕೆಲಸ ಇದ್ರೆ ಅಪ್ಪನ ಹತ್ರ ನಾನೇ ಮಾತಾಡ್ತೀನಿ" ಎಂದು ಗಂಡ ಫೋನಿನಲ್ಲಿ ಹೇಳಿದ್ದ. ಅಷ್ಟು ದೂರದಿಂದ ಧೈರ್ಯ ಬರುವುದು ಸುಲಭ.

"ಮಾವನ್ನ ಕೇಳಿಬಿಡಬಾರದಾ?" ಎಂದೆ.

"ಕೇಳಿದ್ರೆ ಬೇಡ ಅಂತಾರೆ. ಬೇಡ ಅಂದ್ಮೇಲೆ ಮಾಡಿದ್ರೆ ತಪ್ಪಾಗತ್ತೆ. ಈಗ ಇನ್ನೂ ಯಾರೂ ಬೇಡ ಅಂದಿಲ್ಲ."

ಹಾಗೆ ಅವಳು ಮೀಟರಿನ ಕಣ್ಣಿಗೆ ಬೀಳದಂಥ ಕಂಪ್ಯೂಟರು ಹುಡುಕಲು ಕೂತಳು.

ಕಂಪ್ಯೂಟರೆಂದರೆ ನಾನು ಬ್ಯಾಂಕಿನಲ್ಲಿ ನೋಡಿದ ಟೀವಿಯಂಥದ್ದು ಎಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ. ಒಂದೇ ಹಲಗೆಯ ಮೇಲೆ ತಲೆ, ಹೊಟ್ಟೆ, ನೆನಪು ಎಲ್ಲವನ್ನೂ ಕೂರಿಸಿದ ಕಂಪ್ಯೂಟರುಗಳಿವೆಯಂತೆ. ಪರದೆ ಬೇಡ, ಕೀಲಿಗಳೂ ಬೇಡ. ಅದನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರನ್ನು ಒಳಗೆ ಹಾಕಿದರೆ ಸಾಕು. "ಲಿನಕ್ಸಲ್ಲಿ ಏನಿರಬೇಕು, ಏನಿರಬಾರದು ಅಂತ ನಾವೇ ಹೇಳಬಹುದು ಅತ್ತೆ. ಬೇಡ ಅಂದಿದ್ದನ್ನ ಕಿತ್ತು ಹಾಕಿದ್ರೆ ಅದು ಯಾಕೆ ಅಂತ ಕೇಳಲ್ಲ." ಇಷ್ಟು ಹೇಳುವಾಗ ಅವಳ ಮುಖದಲ್ಲಿ ನಾನು ಅದುವರೆಗೆ ನೋಡದ ಒಂದು ಕಳೆ ಬಂದಿತ್ತು.

"ಫೋನಲ್ಲೇ ಮಾಡೋಕಾಗಲ್ವಾ?"

"ಫೋನು ಹೊದ್ಕೊಂಡು ಮಲಗೋ ಜಾತಿ. ನಾವು ನೋಡದೇ ಇದ್ರೆ ಕೆಲಸ ನಿಲ್ಲಿಸಿಬಿಡತ್ತೆ. ಅದು ಹಲಗೆಗೆ ನೆಟ್ ಕೊಡ್ಲಿ, ಸಾಕು."

ಮೊದಲು ಗಂಡ ತಂದದ್ದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದು. ನಾಲ್ಕು ತಲೆ, ಮೇಲೊಂದು ಪುಟಾಣಿ ಫ್ಯಾನು. "ಲಾರಿ ಕೊಂಡ್ರೂ ಬೋರ್ಡ್ ಕೊಂಡ್ರೂ ದೊಡ್ಡದೇ ಒಳ್ಳೇದು ಅಂದ ಅಂಗಡಿಯವನು" ಎಂದು ಹೆಮ್ಮೆಯಿಂದ ಕೊಟ್ಟ.

"ಥರ್ಮಾಮೀಟರ್ ಓದೋಕೆ ನಾಲ್ಕು ತಲೆ ಯಾಕ್ರೀ? ಇದು ಸೊಳ್ಳೆ ಹೊಡೆಯೋಕೆ ಲಾರಿ ತಂದ ಹಾಗಾಯ್ತು."

"ಲಾರಿ ತಂದ್ರೆ ಸೊಳ್ಳೆ ಹೆದರತ್ತೆ" ಎಂದು ಅವನು ನಕ್ಕ.

ಅವಳು ತನ್ನ ಪುಟ್ಟ ಸ್ಕ್ರೂಡ್ರೈವರುಗಳ ಚೀಲದಿಂದ ಬೆರಳುದ್ದದ ಒಂದು ಅಳತೆಗಾರನನ್ನು ತೆಗೆದಳು. ಅದನ್ನು ತಂತಿಯ ನಡುವೆ ಸಿಕ್ಕಿಸಿದರೆ ಹಲಗೆ ಎಷ್ಟು ಕರೆಂಟು ಕುಡಿಯುತ್ತದೆ ಎಂದು ತೋರಿಸುತ್ತದೆ. ದೊಡ್ಡದು ಸುಮ್ಮನೆ ಕೂತಿದ್ದಾಗಲೂ ಬಾಯಾರಿದ ಎಮ್ಮೆಯ ಹಾಗೆ ಕುಡಿಯುತ್ತಿತ್ತು. ಲೆಕ್ಕ ಹಾಕಿ, "ಮಾವ ಎರಡನೇ ಗುಟುಕು ಕುಡಿಯೋದ್ರೊಳಗೆ ಮಿನುಗತ್ತೆ" ಎಂದಳು. ಅದನ್ನು ಹಿಂದಕ್ಕೆ ಕೊಟ್ಟುಬಂದು ಅವನು ಇನ್ನೊಂದು ತಂದ. ಅದಕ್ಕೆ ಫ್ಯಾನಿರಲಿಲ್ಲ, ಆದರೆ ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆಯ ಹಾಗೆ ಬೆಚ್ಚಗಿತ್ತು. ಬೆಚ್ಚಗಿರುವುದೆಲ್ಲ ದಂಡ ಎಂದು ಅದನ್ನೂ ಬೇಡವೆಂದಳು. ಮೂರನೆಯದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ. ಒಂದೇ ತಲೆ, ಮಂದ ಬುದ್ಧಿ. ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಹೊತ್ತು ಬೇಕು, ಆದರೆ ಕೊಟ್ಟದ್ದೊಂದು ಕೆಲಸ ಮಾಡಿಕೊಂಡು ತಣ್ಣಗೆ ಬಿದ್ದಿರುತ್ತದೆ. ಅದೊಂದೇ ಉರಿಯುತ್ತಿದ್ದರೆ ಮೀಟರು ಅರ್ಧ ಗಂಟೆಗೊಮ್ಮೆ ಮಿನುಗಬಹುದು, ಅಷ್ಟೆ.

"ಅರ್ಧ ಗಂಟೆಗೊಂದು ಬಸ್ಸಿದ್ರೂ ನಾವು ನಿಂತ ಹೊತ್ತಲ್ಲೇ ಬಂದುಬಿಡಬಹುದು ಕಣೇ" ಎಂದೆ.

ಅವಳು ಅಳತೆಗಾರನನ್ನು ಕಿತ್ತಿಟ್ಟಳು. "ಹೌದು. ಹಾಗಾದ್ರೆ ಆ ಹೊತ್ತಲ್ಲಿ ಗೋಡೆಯಿಂದ ಕುಡೀಲೇಬಾರದು."

ಅದಕ್ಕೆ ಒಂದು ಬ್ಯಾಟರಿ ಬಂತು, ಫೋನಿಗೆ ಚಾರ್ಜು ತುಂಬುವಂಥದ್ದು. ಒಂದು ಕಡೆಯಿಂದ ತಾನು ತುಂಬಿಕೊಳ್ಳುತ್ತ ಇನ್ನೊಂದು ಕಡೆಯಿಂದ ಹಲಗೆಗೆ ಕೊಡುತ್ತಿರುತ್ತದೆ. ತಮ್ಮ "ಸೊನ್ನೆ!" ಎಂದಾಗ ಗೋಡೆಯ ಪಿನ್ನು ಕಿತ್ತರೆ ಹಲಗೆ ಬ್ಯಾಟರಿಯಿಂದ ಕುಡಿಯುತ್ತದೆ, "ಸರಿ" ಎಂದ ಮೇಲೆ ಪಿನ್ನು ಮತ್ತೆ ಹಾಕುವುದು. ಉಳಿದ ಹೊತ್ತೆಲ್ಲ ಫ್ರಿಜ್ಜು, ಫ್ಯಾನುಗಳ ಮಿನುಗಿನ ನಡುವೆ ಇದರ ಮಿನುಗು ಜಾತ್ರೆಯೊಳಗೆ ಹೊಕ್ಕ ಇರುವೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಬಚ್ಚಿಡಲು ನಾನು ಬಿಸ್ಕತ್ತಿನ ತಗಡಿನ ಡಬ್ಬಿ ಕೊಟ್ಟೆ. ತಗಡಿನೊಳಗೆ ನೆಟ್ಟು ಹೋಗುವುದಿಲ್ಲವಂತೆ. ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿಯಲ್ಲಿ ಹಲಗೆ ಮಲಗಿತು. ಬೀರುವಿನ ಮೇಲೆ, ಹಳೆಯ ದಿಂಬುಗಳ ಹಿಂದೆ.

ಪರೀಕ್ಷೆ ಶುರುವಾಯಿತು, ಚೆನ್ನಾಗಿಯೇ ನಡೆಯಿತು. ಅವಳು ದಿನಾ ಆ ಹಲಗೆಯನ್ನು ಇನ್ನಷ್ಟು ತೆಳ್ಳಗೆ ಮಾಡಲು ಹೊರಟಳು. ಪರದೆ ಇಲ್ಲ ಎಂದ ಮೇಲೆ ಪರದೆಗೆ ಚಿತ್ರ ಕಳಿಸುವ ಭಾಗ ಯಾಕೆ? ಆರಿಸಿದಳು. ಸದ್ದು ಮಾಡುವ ಭಾಗ ಯಾಕೆ? ಅದೂ ಹೋಯಿತು. ಹಲಗೆಯ ಮೂಲೆಯಲ್ಲಿ ಒಂದು ಹಸಿರು ದೀಪವಿತ್ತು, ಅದನ್ನೂ ಆರಿಸಿದಳು. ಪ್ರತಿ ಸಲವೂ ಅಳತೆಗಾರನಲ್ಲಿ ಅಂಕಿ ಇಳಿದದ್ದನ್ನು ನನಗೆ ತೋರಿಸುವಳು. ಮನೆಯಲ್ಲಿ ಅವಳು ತನ್ನ ಇಷ್ಟದಂತೆ ಏನಾದರೂ ಮಾಡಬಹುದಾದ ಜಾಗ ಅದೊಂದೇ ಇತ್ತು. ಸಾಕು ಬಿಡೆ ಎನ್ನಲು ನನಗೆ ಮನಸ್ಸಾಗಲಿಲ್ಲ.

ಒಂದು ದಿನ ಈರುಳ್ಳಿ ಹೆಚ್ಚುತ್ತಿದ್ದಾಗ ಫೋನು ಬಂತು. ಅವಳ ಕೈ ಒದ್ದೆಯಿತ್ತು, ಜೋರಾಗಿ ಕೇಳುವಂತೆ ಒತ್ತಿದಳು.

"ಏನಮ್ಮಾ, ನಿನ್ನ ಕಾವಲುಗಾರ ದಿನಾ ಊಟ ಮಾಡಿ ಮಲಗ್ತಾನಾ?" ಎಂದಳು ಕನ್ನಡಕದಮ್ಮ.

"ಯಾಕೆ ಮೇಡಂ?"

"ಮೂರು ದಿನದಿಂದ ನೋಡ್ತಾ ಇದೀನಿ. ಮಧ್ಯಾಹ್ನ ಥರ್ಮಾಮೀಟರಿನ ಒಂದೆರಡು ಓದು ಇಲ್ವೇ ಇಲ್ಲ. ಅಷ್ಟು ಹೊತ್ತಲ್ಲಿ ನನ್ನ ಪೆಟ್ಟಿಗೆ ಕೆಟ್ಟಿದ್ರೆ?"

ಸೊಸೆ ಚಾಕು ಕೆಳಗಿಟ್ಟಳು.

"ನೋಡು, ನೀನು ಅಂತ ಇನ್ನೊಂದು ಸಲ ಬಿಡ್ತೀನಿ. ಇವತ್ತಿಂದ ಮತ್ತೆ ಒಂದು ತಿಂಗಳು. ಈ ಸಲ ತಪ್ಪಿದ್ರೆ ಬೇರೆಯವರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡ."

ಫೋನು ಇಟ್ಟ ಮೇಲೆ ಅವಳು ಉಳಿದ ಈರುಳ್ಳಿಯನ್ನೂ ಹೆಚ್ಚಿದಳು. ಕಣ್ಣೀರಿಗೆ ನೆವ ಕೈಯಲ್ಲೇ ಇತ್ತು.

ತಪ್ಪು ಎಲ್ಲಿ ಎಂದು ಹುಡುಕಿದಳು. ಫೋನಿನ ನೆಟ್ಟೇ? ಸರಿಯಿತ್ತು. ಹಲಗೆಯೊಳಗಿನ ಉಗುರಿನಷ್ಟು ಕಾರ್ಡೇ? ಅದೂ ಸರಿಯಿತ್ತು. ಮಾರನೆಯ ಮಧ್ಯಾಹ್ನ "ಸೊನ್ನೆ!" ಆದೊಡನೆ ಪಿನ್ನು ಕಿತ್ತು, ಸೋಪಿನ ಡಬ್ಬಿಯನ್ನು ಮಂಚದ ಮೇಲಿಟ್ಟುಕೊಂಡು ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಬ್ಯಾಟರಿಯ ಮೈಮೇಲೆ ನಾಲ್ಕು ಬಿಳಿ ಚುಕ್ಕೆ ಬೆಳಗುತ್ತಿದ್ದವು. ಹೊರಗೆ ತಮ್ಮ ನೀರು ಗುಟುಕರಿಸುವುದು ಕೇಳುತ್ತಿತ್ತು. ನೋಡುತ್ತಿದ್ದಂತೆ ನಾಲ್ಕು ಚುಕ್ಕೆಯೂ ಒಟ್ಟಿಗೆ ಆರಿಹೋದವು.

"ಖಾಲಿಯಾಯ್ತಾ?" ಎಂದು ಪಿಸುಗುಟ್ಟಿದೆ.

ಅವಳು ಬೇಗ ಅದರ ಗುಂಡಿ ಒತ್ತಿದಳು. ನಾಲ್ಕೂ ಮತ್ತೆ ಬೆಳಗಿದವು. ತುಂಬಿದ ಬ್ಯಾಟರಿ. ಹಲಗೆ ಮಾತ್ರ ಸತ್ತು ಮತ್ತೆ ಮೊದಲಿನಿಂದ ಏಳತೊಡಗಿತ್ತು.

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಕ್ಕು ನಕ್ಕು ಭುಜ ಅದುರಿತು. ಆಮೇಲೆ ಅದು ನಗುವೇ ಎಂದು ನನಗೆ ಅನುಮಾನವಾಯಿತು.

"ಅತ್ತೆ, ಇದು ಅಷ್ಟು ಕಡಿಮೆ ಕುಡೀತಾ ಇದೆ, ತನಗೆ ಏನೂ ಜೋಡಿಸಿಲ್ಲ ಅಂದ್ಕೊಂಡು ಬ್ಯಾಟರಿ ಮಲಗಿಬಿಡತ್ತೆ. ಮೊದಮೊದಲು ಹೀಗಿರ್ಲಿಲ್ಲ. ಕಡಿಮೆ ಮಾಡಿ ಮಾಡಿ ನಾನೇ ಕೊಂದೆ."

"ಹಾಗಾದ್ರೆ ಸ್ವಲ್ಪ ಉಣ್ಣಕ್ಕೆ ಹಾಕು ಅದಕ್ಕೆ" ಎಂದೆ.

ಆರಿಸಿದ್ದನ್ನೆಲ್ಲ ಅವಳು ಮತ್ತೆ ಹಚ್ಚಿದಳು. ಹಸಿರು ದೀಪವೂ ಬಂತು. ಮರುದಿನ ಸೊನ್ನೆಯ ಹೊತ್ತಿನಲ್ಲಿ ಬ್ಯಾಟರಿ ಮಲಗಲಿಲ್ಲ. ಅದರ ಮರುದಿನವೂ ಮಲಗಲಿಲ್ಲ. ಎರಡನೆಯ ಪರೀಕ್ಷೆ ಅರ್ಧ ದಾಟಿತು. ಇನ್ನೇನು ದಡ ಸಿಕ್ಕಿತು ಎಂದು ನಾನು ಅಂದುಕೊಂಡೆ.

ಆಗ ಕನ್ನಡಕದಮ್ಮ ಮತ್ತೆ ಫೋನು ಮಾಡಿ, "ಚೆನ್ನಾಗಿ ನಡೀತಾ ಇದೆ. ನಾಳೆ ಮಧ್ಯಾಹ್ನ ಬಂದು ಗೋದಾಮು ನೋಡ್ಕೊಂಡು ಹೋಗು, ನಿನ್ನ ಮೇಜು ಎಲ್ಲಿ ಹಾಕ್ಸೋದು ಅಂತ ನೋಡೋಣ" ಎಂದಳು.

"ಮಧ್ಯಾಹ್ನ ಆಗಲ್ಲ ಮೇಡಂ. ಊಟದ ಹೊತ್ತಲ್ಲಿ ನಾನು ಮನೇಲೇ ಇರಬೇಕು."

"ಕೆಲಸಕ್ಕೆ ಸೇರಿದ ಮೇಲೆ ಆ ಹೊತ್ತಲ್ಲಿ ಎಲ್ಲಿರ್ತೀಯಮ್ಮಾ?"

ಅವಳು ಏನೋ ನೆವ ಹೇಳಿ ಇಟ್ಟಳು. ಆಮೇಲೆ ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ನನಗೂ ಆಗಲೇ ಹೊಳೆದದ್ದು. ಪಿನ್ನು ಕೀಳಲು ದಿನಾ ಮಧ್ಯಾಹ್ನ ಒಬ್ಬರು ಆ ಕೋಣೆಯಲ್ಲಿ ಇರಲೇಬೇಕು. ಹೊರಗೆ ಹೋಗಲು ಅವಳು ಮಾಡಿಕೊಂಡ ಉಪಾಯ ಅವಳನ್ನು ಒಳಗೇ ಕಟ್ಟಿಹಾಕಿತ್ತು. ಮೊದಲು ಮಾವನ ಪ್ರಶ್ನೆಗೆ ಮಾತ್ರ ಕಟ್ಟುಬಿದ್ದಿದ್ದಳು, ಈಗ ಒಂದು ಪಿನ್ನಿಗೂ.

"ನಾನು ಕೀಳ್ತೀನಿ ಬಿಡು, ನಾನೆಲ್ಲಿಗೆ ಹೋಗಬೇಕು" ಎಂದೆ.

"ನಿಮಗೆ ಜ್ವರ ಬಂದ್ರೆ? ನೀವು ಯಾರದಾದ್ರೂ ಮನೆಗೆ ಹೋಗಬೇಕಾದ್ರೆ?" ಎಂದಳು. ಒಲೆ ಆರಿಸಿ, "ಬೇಡ ಅತ್ತೆ. ಇಬ್ಬರನ್ನ ಯಾಕೆ ಕಟ್ಟಿಹಾಕೋದು" ಎಂದಳು.

ಮರುದಿನ ಊಟವಾಯಿತು. ತಮ್ಮ ಕೈ ತೊಳೆದು ಲೋಟ ಹಿಡಿದು "ಸೊನ್ನೆ!" ಎಂದ. ನಾನು ಫ್ಯಾನು ಆರಿಸಿದೆ. ಅವಳು ಫ್ರಿಜ್ಜು ಆರಿಸಿದಳು. ಕೋಣೆಗೆ ಹೋಗಲಿಲ್ಲ. ನಡುಮನೆಗೆ ಬಂದು ನಿಂತಳು.

"ಮಾವ, ಇವತ್ತು ಸೊನ್ನೆ ಬರಲ್ಲ. ನನ್ನ ಕೋಣೇಲಿ ಒಂದು ಕಂಪ್ಯೂಟರ್ ಓಡ್ತಾ ಇದೆ."

ತಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿದ. "ಕಂಪ್ಯೂಟರಾ? ನಮ್ಮನೇಲಾ?"

"ಹೌದು. ಸೋಪಿನ ಡಬ್ಬಿಯಷ್ಟಿದೆ."

"ಸೋಪಿನ ಡಬ್ಬೀಲಿ ಕಂಪ್ಯೂಟರ್! ಅಕ್ಕ, ಕೇಳಿದ್ಯಾ?" ಎಂದು ನನ್ನ ಕಡೆ ನೋಡಿ ನಕ್ಕ. ನಾನು ನಗದೇ ಇದ್ದದ್ದನ್ನು ಕಂಡು ಅವನ ನಗು ಇಳಿಯಿತು. ಮಣೆ ಹತ್ತಿ ಮೀಟರಿನ ಮುಂದೆ ನಿಂತ.

ಮೂವರೂ ಕಾದೆವು. ಬಿಸಿನೀರು ಮುಗಿಯಿತು. ಕೆಂಪು ದೀಪ ಮಿನುಗಲಿಲ್ಲ.

"ಎಲ್ಲಿ?" ಎಂದ.

"ಬರತ್ತೆ ಮಾವ. ಸ್ವಲ್ಪ ನಿಲ್ಲಿ."

ಸೆಖೆಗೆ ನನ್ನ ಬೆನ್ನು ಒದ್ದೆಯಾಯಿತು. ತಮ್ಮ ಖಾಲಿ ಲೋಟ ಹಿಡಿದೇ ನಿಂತಿದ್ದ. ಕಳ್ಳನೇ ಪೊಲೀಸರ ಪಕ್ಕದಲ್ಲಿ ನಿಂತು, ಇನ್ನೇನು ಬರ್ತಾನೆ ತಡೀರಿ ಎಂದ ಹಾಗಿತ್ತು ಅವಳು ನಿಂತ ರೀತಿ. ಕಾಲು ಸೋತು ನಾನು ಕೂತುಬಿಟ್ಟೆ. ಕೊನೆಗೆ ದೀಪ ಒಂದೇ ಒಂದು ಸಲ ಮಿನುಗಿತು.

ತಮ್ಮನ ಮುಖ ಮೊದಲು ಅರಳಿತು. ಅದೆಷ್ಟೋ ವರ್ಷದ ಮೇಲೆ ಅವನಿಗೆ ಒಬ್ಬ ಕಳ್ಳ ಸಿಕ್ಕಿದ್ದ. ಆಮೇಲೆ ಅವನಿಗೆ ಲೆಕ್ಕ ಹತ್ತಿತು.

"ಎಷ್ಟು ದಿನದಿಂದ ಇದೆ ಇದು?"

"ಒಂದೂವರೆ ತಿಂಗಳ ಹತ್ರ."

"ನಾನು ದಿನಾ ನೋಡಿದೀನಿ. ದಿನಾ ಸೊನ್ನೆ ಇತ್ತು."

"ನೀವು ನೋಡೋ ಹೊತ್ತಲ್ಲಿ ಪಿನ್ನು ಕಿತ್ತಿರ್ತಿದ್ದೆ."

ಅವನು ಮಣೆಯಿಂದ ಇಳಿದ. ಕರೆಂಟು ಖರ್ಚಾದದ್ದಕ್ಕೆ ಅವನಿಗೆ ನೋವಾಗಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಅಷ್ಟು ದಿನ ತಾನು ನೋಡಿದ ಸೊನ್ನೆ ಸೊನ್ನೆಯಾಗಿರಲಿಲ್ಲ ಎಂಬುದೇ ಅವನಿಗೆ ತಾಗಿತು.

ಅವಳು ಎಲ್ಲ ಹೇಳಿದಳು, ಗೋದಾಮು, ಪೆಟ್ಟಿಗೆಗಳು, ಬ್ಯಾಟರಿ, ಪರೀಕ್ಷೆ, ಮೇಜು, ಎಲ್ಲ. ಅಷ್ಟೊಂದು ಮಾತು ಅವಳು ಮಾವನ ಮುಂದೆ ಒಟ್ಟಿಗೆ ಆಡಿದ್ದು ಅದೇ ಮೊದಲು. ತಮ್ಮ ತಲೆ ತಗ್ಗಿಸಿ ಕೇಳಿದ. ಕೊನೆಗೆ, "ಇಟ್ಕೋ" ಎಂದ. ನನಗೆ ಕಿವಿ ನಂಬಲಾಗಲಿಲ್ಲ. "ಇಟ್ಕೋ, ನಾನೇನು ರಾಕ್ಷಸನಲ್ಲ. ಸೊನ್ನೆ ಹೊತ್ತಲ್ಲಿ ಮಾತ್ರ ಪೂರ್ತಿ ಆರಿಸು. ಬ್ಯಾಟರಿ ಗೀಟರಿ ಮೋಸ ಬೇಡ. ನಾನು ಕೇಳ್ತಿರೋದು ಅಷ್ಟೇ."

"ಅದೊಂದು ಆಗಲ್ಲ ಮಾವ."

"ಏನಂದೆ?"

"ಆರಿಸಿದ್ರೆ ಓದು ತಪ್ಪತ್ತೆ, ಪರೀಕ್ಷೆ ಹೋಗತ್ತೆ. ಆರಿಸಲ್ಲ."

ಅವನು ಮತ್ತೆ ಮಣೆ ಹತ್ತಿದ. ಮೀಟರಿನ ಕೆಳಗೆ ಕೋಣೆಗೊಂದರಂತೆ ಪಿಂಗಾಣಿಯ ಫ್ಯೂಸುಗಳಿವೆ. ಹಿಂದಿನ ಕೋಣೆಯದನ್ನು ಹಿಡಿದು ಎಳೆದ, ಅಂಗಿಯ ಜೇಬಿಗೆ ಹಾಕಿಕೊಂಡ. "ಹಾಗಾದ್ರೆ ಆ ಕೋಣೆಗೆ ಕರೆಂಟೇ ಇಲ್ಲ."

"ತಮ್ಮಾ" ಎಂದೆ.

"ನೀನು ಸುಮ್ನಿರು ಅಕ್ಕ. ನಿಂಗೆ ಮೊದಲೇ ಗೊತ್ತಿತ್ತು, ಅಲ್ವಾ?"

ಗೊತ್ತಿತ್ತು ಎಂದೆ. ಅವನು ನನ್ನ ಮುಖ ನೋಡಲಿಲ್ಲ.

ಅವಳು ಕೋಣೆಗೆ ಹೋದಳು. ಅಳುತ್ತಾಳೆಂದು ನಾನು ಹಿಂದೆಯೇ ಹೋದೆ. ಅವಳು ಬೀರುವಿನ ಮೇಲಿಂದ ಸೋಪಿನ ಡಬ್ಬಿ ಇಳಿಸುತ್ತಿದ್ದಳು. ಹಸಿರು ದೀಪ ಉರಿಯುತ್ತಿತ್ತು. ಗೋಡೆಯಲ್ಲಿ ಕರೆಂಟಿಲ್ಲದಿದ್ದರೂ ಬ್ಯಾಟರಿ ಕೊಡುತ್ತಿತ್ತು. ಅಷ್ಟು ಕಡಿಮೆ ಕುಡಿಯುವ ಹಲಗೆಗೆ ಒಂದು ತುಂಬಿದ ಬ್ಯಾಟರಿ ನಾಳೆಯವರೆಗೂ ಸಾಕು. ಡಬ್ಬಿ, ಬ್ಯಾಟರಿ, ಫೋನು ಮೂರನ್ನೂ ಬಟ್ಟೆಯ ಚೀಲದಲ್ಲಿ, ತಂತಿ ಎಳೆಯದ ಹಾಗೆ, ಮಲಗಿದ ಕೂಸನ್ನು ಎತ್ತಿದಂತೆ ಇಟ್ಟಳು.

ಬಾಗಿಲಲ್ಲಿ ತಮ್ಮ, "ಎಲ್ಲಿಗೆ?" ಎಂದ.

"ಗೊತ್ತಿಲ್ಲ ಮಾವ."

"ಏನು ತರೋಕೆ?"

"ಏನೂ ಇಲ್ಲ."

ನಾನು ಚಪ್ಪಲಿ ಮೆಟ್ಟಿ ಅವಳ ಹಿಂದೆ ಹೊರಟೆ. ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ಈರುಳ್ಳಿ ಅಂಗಡಿಯವರೆಗೆ ಸರಸರ ನಡೆದವಳು ಅಲ್ಲಿ ನಿಂತುಬಿಟ್ಟಳು. ಅದರಾಚೆಗೆ ಅವಳಿಗೆ ಬೀದಿಯ ರೂಢಿಯೇ ಇರಲಿಲ್ಲ. ಚೀಲದಿಂದ ಫೋನು ತೆಗೆದು ಕನ್ನಡಕದಮ್ಮನಿಗೆ ಮಾಡಿದಳು.

"ಈಗಿನ ಓದು ಬಂತಾ ಮೇಡಂ?"

"ಬಂತಲ್ಲ. ಯಾಕೆ? ಏನದು ಗಾಡಿ ಸದ್ದು, ಎಲ್ಲಿದ್ದೀಯ?"

"ದಾರೀಲಿದ್ದೀನಿ" ಎಂದು ಇಟ್ಟಳು. ನನ್ನ ಕಡೆ ತಿರುಗಿ, "ಎಲ್ಲಿಗೆ ಹೋಗೋದು ಅತ್ತೆ?" ಎಂದಳು. ಅವಳ ತುಟಿ ಒಣಗಿತ್ತು.

ನನಗೆ ತಿಳಿದದ್ದು ಹೊಲಿಗೆಯವಳ ಅಂಗಡಿ ಒಂದೇ. ನನ್ನ ರವಿಕೆ ಹೊಲಿಯುವವಳು, ಬಾಯಿ ಜೋರು. ಸಂಗತಿ ಹೇಳಿದೆವು. ಅವಳು ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಡಬ್ಬಿಯೊಳಗೆ ಇಣುಕಿದಳು.

"ಎಷ್ಟು ಕುಡಿಯತ್ತೆ ಇದು?"

"ನಿಮ್ಮ ಮಿಷನ್ನಿನ ದೀಪಕ್ಕಿಂತ ಕಡಿಮೆ."

"ಅಷ್ಟಕ್ಕೆ ಇಷ್ಟು ರಾದ್ಧಾಂತಾನಾ! ಇಡಿ ಆ ಮೂಲೇಲಿ. ಬಾಯಿ ಬಿಟ್ಟು ಏನೂ ಕೇಳಲ್ಲ ತಾನೇ? ಹಾಗಾದ್ರೆ ನನ್ನ ಗಂಡನಿಗಿಂತ ವಾಸಿ."

ಅಂಗಡಿಯಲ್ಲಿ ನೆಟ್ಟೂ ಇತ್ತು. ಒಂದು ಓದು ಬಂದು ಇನ್ನೊಂದು ಬರುವ ಸಂದಿನಲ್ಲಿ ಸೊಸೆ ಹಲಗೆಯನ್ನು ತನ್ನ ಫೋನಿನಿಂದ ಬಿಡಿಸಿ ಅಂಗಡಿಯ ನೆಟ್ಟಿಗೆ ಜೋಡಿಸಿದಳು. ಮುಂದಿನ ಓದು ಬರುವವರೆಗೆ ಉಸಿರು ಹಿಡಿದು ಕೂತಿದ್ದಳು. ಬಂತು. ಹೊಲಿಗೆಯವಳು ಕೊಟ್ಟ ನೀರನ್ನು ಒಂದೇ ಸಲಕ್ಕೆ ಕುಡಿದಳು.

ಕಾವಲುಗಾರ ಹೊರಗೆ ಉಳಿದ. ಅವಳು ಸಂಜೆಯ ಅಡುಗೆಗೆ ಮನೆಗೆ ಬಂದಳು. ತಮ್ಮ ಏನೂ ಕೇಳಲಿಲ್ಲ, ಬಡಿಸಿದ್ದನ್ನು ಉಂಡ. ಅವಳ ಕೋಣೆ ಕತ್ತಲೆಯಾಗಿತ್ತು.

ಆ ತಿಂಗಳು ಒಂದು ಓದೂ ತಪ್ಪಲಿಲ್ಲ. ಮೇಜು ಸಿಕ್ಕಿತು. ಗಂಡ ಅಪ್ಪನ ಹತ್ತಿರ ಮಾತಾಡಲು ಊರಿಗೆ ಬಂದವನು ಹವೆಯ ವಿಷಯ, ಟೈರಿನ ವಿಷಯ ಮಾತಾಡಿ ಹೊರಟುಹೋದ. ಹಾಗಾಗಿ ಈ ಮನೆಯಲ್ಲಿ ಅವಳಿಗೆ ಹೋಗು ಎಂದು ಯಾರೂ ಹೇಳಿಲ್ಲ. ಅವಳು ಹೋಗುತ್ತಾಳೆ. ಬೆಳಿಗ್ಗೆ ಬೇಗ ಎದ್ದು ಎರಡು ಹೊತ್ತಿನ ಅಡುಗೆ ಮುಗಿಸುತ್ತಾಳೆ, ಸಂಜೆ ಬಂದು ಪಾತ್ರೆ ತೊಳೆಯುತ್ತಾಳೆ. ಮನೆಯ ಕೆಲಸದಲ್ಲಿ ಒಂದು ಚಮಚದಷ್ಟೂ ಕಡಿಮೆಯಾಗಿಲ್ಲ. ಫ್ಯೂಸು ಇನ್ನೂ ತಮ್ಮನ ಹತ್ತಿರವೇ ಇದೆ. ಅಡುಗೆಮನೆಯಿಂದ ಬೀಳುವ ಬೆಳಕಿನಲ್ಲಿ ಅವಳು ಬಟ್ಟೆ ಮಡಚಿಡುತ್ತಾಳೆ.

ಮೊನ್ನೆ ಅವಳು ಹೊರಡುವಾಗ, "ಫ್ಯೂಸು ಕೊಡೋ ಅಂತ ನಾನೇ ಕೇಳ್ಲಾ?" ಎಂದೆ.

"ಬೇಡ ಅತ್ತೆ. ಅವರೇ ಹಾಕ್ಲಿ."

"ಹಾಕದೇ ಇದ್ರೆ?"

ಅವಳು ಚಪ್ಪಲಿಯ ಪಟ್ಟಿ ಬಿಗಿ ಮಾಡುತ್ತಿದ್ದಳು. "ಹೊತ್ತಾಯ್ತು" ಎಂದು ಇಳಿದು ಹೋದಳು.